ದನದ ಹೊಟ್ಟೆಹುಳಕ್ಕೆ ಹಿತ್ತಲಿನ ಮದ್ದು: ಮಾಡುವುದು ಹೇಗೆ, ಎಲ್ಲಿ ನಿಲ್ಲಿಸಬೇಕು

ಮಳೆ ಹಿಡಿದು ಎಳೆ ಹುಲ್ಲು ಬಂದ ಮೇಲೆ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ದನದ ಹಟ್ಟಿಗಳಲ್ಲಿ ಹುಳದ ಕಾಟ ಜಾಸ್ತಿ. ಹೊಟ್ಟೆ ಊದಿರುತ್ತದೆ, ಮೈ ಹಿಡಿಯುವುದಿಲ್ಲ, ರೋಮ ಒರಟು, ಸೆಗಣಿ ನೀರು.

ಮದ್ದು ಅರೆಯುವ ಮೊದಲು ಹೊಸ ಸೆಗಣಿ ಸ್ವಲ್ಪ ಚೊಕ್ಕ ಡಬ್ಬಿಯಲ್ಲಿ ಹಾಕಿ ಅವತ್ತೇ ಮೃಗಾಸ್ಪತ್ರೆಗೆ ಕೊಡಿ. ಯಾವ ಹುಳದ ಮೊಟ್ಟೆ, ಎಷ್ಟಿದೆ ಅಂತ ಗೊತ್ತಾಗಲಿ. ಸುಮ್ನೆ ಅಂದಾಜಿಗೆ ಕೊಡಬೇಡಿ.

ದೊಡ್ಡ ದನ ಒಂದಕ್ಕೆ ಜೀರಿಗೆ 10 ಗ್ರಾಂ, ಸಾಸಿವೆ 10 ಗ್ರಾಂ, ಕರಿಮೆಣಸು 5 ಗ್ರಾಂ ಅರ್ಧ ಗಂಟೆ ನೆನೆಸಿ. ಅದಕ್ಕೆ ಬೆಳ್ಳುಳ್ಳಿ 5 ಎಸಳು, ನೀರುಳ್ಳಿ ಒಂದು, ಒಂದು ಹಿಡಿ ಬೇವಿನ ಸೊಪ್ಪು, ಒಂದು ಹಿಡಿ ತುಂಬೆ ಸೊಪ್ಪು, ಹಾಗಲಕಾಯಿ 50 ಗ್ರಾಂ, ಬಾಳೆದಿಂಡು 100 ಗ್ರಾಂ, ಅರಿಶಿನ 5 ಗ್ರಾಂ ಸೇರಿಸಿ ನುಣ್ಣಗೆ ಅರೆದು, 100 ಗ್ರಾಂ ಬೆಲ್ಲ ಕಲಸಿ, ಸಣ್ಣ ಸಣ್ಣ ಉಂಡೆ ಕಟ್ಟಿ ಉಪ್ಪಿನಲ್ಲಿ ಹೊರಳಿಸಿ ತಿನ್ನಿಸಿ. ದಿನಕ್ಕೊಮ್ಮೆ, ಮೂರು ದಿನ. ಎನ್‌ಡಿಡಿಬಿಯವರು (ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ) ಹೈನುಗಾರರಿಗೆ ಹೇಳಿಕೊಡುವುದೂ ಇದೇ ಬಗೆಯ ಉಂಡೆ. ಕಾಸರಗೋಡು ಗಿಡ್ಡ ತಳಿಗೆ ಅರ್ಧ ಸಾಕು, ಅದರ ಮೈಯೇ ಸಣ್ಣದಲ್ವಾ. ನೀರುಳ್ಳಿ ಮಾತ್ರ ಒಂದಕ್ಕಿಂತ ಜಾಸ್ತಿ ಬೇಡ, ಅತಿಯಾದರೆ ದನದ ರಕ್ತದ ಕೆಂಪು ಕಣಗಳೇ ಒಡೆಯುತ್ತವೆ. ಗಬ್ಬದ ದನಕ್ಕೆ ಡಾಕ್ಟರನ್ನು ಕೇಳದೆ ಕೊಡಬೇಡಿ.

ತೋಟದ ತುಂಬ ಅಡಿಕೆ ಇದೆ, ಅದನ್ನೇ ಅರೆದು ಕೊಟ್ಟರಾಯಿತು ಅನ್ನುವವರಿದ್ದಾರೆ. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ರಾಸಾಯನಿಕ ಹುಳ ಬೀಳಿಸುವುದು ನಿಜ, ಹಿಂದೆ ನಾಯಿಗಳ ಲಾಡಿಹುಳಕ್ಕೆ ಅದನ್ನೇ ಕೊಡುತ್ತಿದ್ದರು. ಆದರೆ ಒಂದೊಂದು ಅಡಿಕೆಯಲ್ಲಿ ಅದು ಒಂದೊಂದು ಪ್ರಮಾಣದಲ್ಲಿರುತ್ತದೆ, ಸ್ವಲ್ಪ ಹೆಚ್ಚಾದರೂ ಜೊಲ್ಲು ಸುರಿಯುತ್ತದೆ, ಭೇದಿಯಾಗುತ್ತದೆ, ಎದೆಬಡಿತ ನಿಧಾನವಾಗುತ್ತದೆ. ದಯವಿಟ್ಟು ಬೇಡ.

ಎರಡು ಕಡೆ ಈ ಉಂಡೆಯನ್ನು ನಂಬಿ ಕೂರಬೇಡಿ. ಬೈಲಿನ ನೀರಲ್ಲಿ ಮೇಯುವ ದನಕ್ಕೆ ಬಸವನಹುಳುವಿನ ಮೂಲಕ ಪಿತ್ತಜನಕಾಂಗದ (ಲಿವರ್) ಹುಳ ಬರುತ್ತದೆ, ಅದಕ್ಕೆ ಬೇರೆಯೇ ಮಾತ್ರೆ ಬೇಕು. ಎಳೆಗರುವಿಗೆ ತಾಯಿಯ ಹಾಲಿನಿಂದಲೇ ಉದ್ದದ ದುಂಡುಹುಳ ದಾಟುತ್ತದೆ, ಅಲ್ಲಿಯೂ ಡಾಕ್ಟರ ಮದ್ದೇ ಸರಿ.

ಉಂಡೆ ಕೊಟ್ಟು ಎರಡು ವಾರಕ್ಕೆ ಮತ್ತೆ ಸೆಗಣಿ ಪರೀಕ್ಷೆ ಮಾಡಿಸಿ. ಮೊಟ್ಟೆ ಇಳಿಯದಿದ್ದರೆ ಇಂಗ್ಲಿಷ್ ಮದ್ದಿಗೆ ಹೋಗಿ, ಮೈತೂಕಕ್ಕೆ ಸರಿಯಾಗಿ ಪೂರ್ತಿ ಕೊಡಿಸಿ. ಅರೆಬರೆ ಕೊಟ್ಟರೆ ಹುಳ ಆ ಮದ್ದಿಗೇ ಒಗ್ಗಿಕೊಳ್ಳುತ್ತದೆ. ಆಡು ಸಾಕಿದವರು ಕೆಳಗಿನ ಕಣ್ರೆಪ್ಪೆ ಜಗ್ಗಿ ಒಳಗಡೆ ನೋಡುತ್ತಿರಿ. ಕೆಂಪಿದ್ದರೆ ಸರಿ, ಬಿಳಿಚಿದ್ದರೆ ರಕ್ತ ಹೀರುವ ಹುಳ ಇರಬಹುದು, ಉಂಡೆ ಕಟ್ಟುತ್ತಾ ಕೂರದೆ ಅವತ್ತೇ ಡಾಕ್ಟರಿಗೆ ತೋರಿಸಿ.