ಎರಡೋ ಮೂರೋ? ಆಪರೇಷನ್‌ಗೆ ಮೊದಲಿನ ಗ್ರೇಡ್ ಬಗ್ಗೆ ನನ್ನ ಅನುಭವ

ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರ್ ನಾನು. ಆಪರೇಷನ್‌ಗೆ ಮೊದಲು ಪ್ರತಿ ರೋಗಿಗೂ ಎಎಸ್‌ಎ ಗ್ರೇಡ್ ಬರೆಯುತ್ತೇವೆ, ಅಂದರೆ ರೋಗಿಯ ಆರೋಗ್ಯ ಹೇಗಿದೆ ಅಂತ ಹೇಳುವ, ಅಮೆರಿಕದ ಅರಿವಳಿಕೆ ತಜ್ಞರ ಸಂಘದ (ಎಎಸ್‌ಎ) ಅಂಕೆ. ಪೂರ್ತಿ ಆರೋಗ್ಯವಾಗಿದ್ದರೆ ಒಂದು, ಕಾಯಿಲೆ ಹತೋಟಿಯಲ್ಲಿದ್ದರೆ ಎರಡು, ಜೋರಾಗಿದ್ದರೆ ಮೂರು, ಜೀವಕ್ಕೇ ಅಪಾಯ ಇದ್ದರೆ ನಾಲ್ಕು, ಹೀಗೆ. 1941ರಿಂದ ಬಂದ ಪದ್ಧತಿ ಇದು. ಆದರೆ ಓಪಿಯಲ್ಲಿ ಒಬ್ಬರು ಎರಡು ಬರೆದವರಿಗೇ ಮರುದಿನ ಥಿಯೇಟರಿನಲ್ಲಿ ಇನ್ನೊಬ್ಬರು ಮೂರು ಅನ್ನುತ್ತಿದ್ದರು. ಐಸಿಯು ಬೆಡ್ ಇಟ್ಟುಕೊಳ್ಳಬೇಕಾ, ಮಂಗಳೂರಿಗೆ ಕಳಿಸಬೇಕಾ ಅನ್ನುವ ಮಾತು ಈ ಅಂಕೆಯಿಂದಲೇ ಶುರುವಾಗುತ್ತದೆ, ಹಾಗಾಗಿ ಇದನ್ನು ಸುಮ್ನೆ ಬಿಡುವ ಹಾಗಿರಲಿಲ್ಲ.

ನಾವು ಮಾಡಿದ್ದು ಇಷ್ಟೇ. ಒಬ್ಬರ ಗ್ರೇಡ್ ಇನ್ನೊಬ್ಬರು ನೋಡದೆ ಬರೆಯುವುದು, ಪಕ್ಕದಲ್ಲಿ ಒಂದು ಸಾಲು ಕಾರಣ ಬರೆಯುವುದು, ಬೇರೆ ಬೇರೆ ಬಂದರೆ ಕೂತು ಮಾತಾಡುವುದು. ಕಾರಣ ಬರೆಯಲು ಶುರು ಮಾಡಿದ ಮೇಲೆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅಂತ ಗೊತ್ತಾಯಿತು.

ಬದಿಯಡ್ಕ ಕಡೆಯ ಒಬ್ಬರು ಅಡಿಕೆ ಕೃಷಿಕರು ಹರ್ನಿಯಾ ಆಪರೇಷನ್‌ಗೆ ಬಂದಿದ್ದರು. ಶುಗರ್, ಬಿಪಿ ಎರಡೂ ಇತ್ತು. ಒಬ್ಬರು ಆ ದಿನದ ಶುಗರ್ ನೋಡಿ ಎರಡು ಕೊಟ್ಟಿದ್ದರು, ಇನ್ನೊಬ್ಬರು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ನೋಡಿ ಮೂರು. ದಮ್ಮು ಕಟ್ಟುತ್ತದಾ ಅಂದರೆ "ಎಂತದೂ ಇಲ್ಲ ಡಾಕ್ಟ್ರೇ" ಅಂದರು. ತೋಟದಿಂದ ಮನೆಗೆ ಗುಡ್ಡ ಹತ್ತುವಾಗ ನಿಲ್ಲದೆ ಬರ್ತೀರಾ ಅಂತ ಕೇಳಿದೆ. "ಈಗ ತೋಟಕ್ಕೆ ಇಳಿಯುವುದೇ ಇಲ್ಲ, ಮಗ ಹೋಗ್ತಾನೆ" ಅಂದರು. ಗುಡ್ಡ ಹತ್ತುವುದನ್ನೇ ಬಿಟ್ಟವರಿಗೆ ದಮ್ಮು ಗೊತ್ತಾಗುವುದಾದರೂ ಹೇಗೆ? ಅಲ್ಲಿಗೆ ಗ್ರೇಡ್ ಮೂರು ಅಂತ ಎಲ್ಲರೂ ಒಪ್ಪಿದೆವು. ಈಗ ನಾವೆಲ್ಲ ಗುಡ್ಡದ ಪ್ರಶ್ನೆಯನ್ನೇ ಕೇಳುತ್ತೇವೆ, ಕನ್ನಡ, ಮಲಯಾಳ, ತುಳು ಯಾವುದರಲ್ಲಾದರೂ.

ಬಸುರಿಯರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಎರಡೇ. ವಯಸ್ಸು ಜಾಸ್ತಿ, ಆಪರೇಷನ್ ದೊಡ್ಡದು ಅಂತ ಗ್ರೇಡ್ ಏರಿಸುವ ಹಾಗಿಲ್ಲ, ಆ ಅಪಾಯವನ್ನು ಬೇರೆಯಾಗಿ ಬರೆಯಬೇಕು. ಹಾರ್ಟ್ ಅಟ್ಯಾಕ್ ಆಗಿ ಮೂರು ತಿಂಗಳು ದಾಟಿದ್ದರೆ ಮೂರು, ದಾಟದಿದ್ದರೆ ನಾಲ್ಕು. ಅಮೆರಿಕದ ಅರಿವಳಿಕೆ ತಜ್ಞರ ಸಂಘ 2014ರಲ್ಲಿ ಒಪ್ಪಿದ, 2020ರಲ್ಲಿ ಬಸುರಿಯರನ್ನೂ ಮಕ್ಕಳನ್ನೂ ಸೇರಿಸಿ ವಿಸ್ತರಿಸಿದ ಉದಾಹರಣೆಗಳ ಪಟ್ಟಿಯನ್ನು ಓಪಿ ಮೇಜಿನ ಗಾಜಿನಡಿ ಇಟ್ಟಿದ್ದೇವೆ. ಬರೀ ವ್ಯಾಖ್ಯೆ ಓದುವುದಕ್ಕಿಂತ ಇದು ಎಷ್ಟೋ ವಾಸಿ.

ಮೊಣಕಾಲು ನೋವಿನಿಂದ ನಡೆಯಲಾಗದವರ ದಮ್ಮು ಅಳೆಯುವುದು ಹೇಗೆ ಅನ್ನುವುದರಲ್ಲಿ ಮಾತ್ರ ನಮಗೆ ಇನ್ನೂ ಒಮ್ಮತ ಬಂದಿಲ್ಲ. ಅಂಥವರಿಗೆ ಎರಡೂ ಗ್ರೇಡ್, ಎರಡೂ ಕಾರಣ ಬರೆದಿಟ್ಟು, ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಬಂದ ಮೇಲೆ ಮತ್ತೆ ಕೂರುತ್ತೇವೆ.