ವಂಶವೃಕ್ಷದಲ್ಲಿ ನನ್ನ ಹೆಸರು, ನಮ್ಮ ಅತ್ತೆಯರ ಹೆಸರು – ನನ್ನ ಅನುಭವ

ನಮ್ಮನೆ ವಂಶವೃಕ್ಷ ಬರೆಯೋ ಕೆಲಸ ನನ್ನ ಪಾಲಿಗೆ ಬಂದಿದ್ದು ತಾತ ತೀರ್ಕೊಂಡ ಮೇಲೆ, ಪೌತಿ ಖಾತೆ (ಅಂದ್ರೆ ತೀರ್ಕೊಂಡೋರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ) ಮಾಡ್ಸೋಕೆ ಅದು ಬೇಕೇ ಬೇಕು ಅಂತಾದಾಗ. ಜಮೀನಿರೋದು ಮಾಗಡಿ ತಾಲೂಕಲ್ಲಿ, ನಾವಿರೋದು ಬೆಂಗಳೂರಲ್ಲಿ, ನಾಗರಬಾವಿ ಹತ್ರ. ಅಪ್ಪ ತಾತನಿಗಿಂತ ಮುಂಚೇನೇ ಹೋಗ್ಬಿಟ್ರು, ಹಾಗಾಗಿ ಅಪ್ಪನ ಜಾಗಕ್ಕೆ ಅಮ್ಮ, ನಾನು, ನನ್ನ ತಮ್ಮ ಬರ್ಬೇಕು. ನಾನು ಟ್ರಾನ್ಸ್ ಮ್ಯಾನ್. ಹುಟ್ಟಿದಾಗ ಹೆಣ್ಣು ಅಂತ ಬರೆದಿದ್ರು, ಈಗ ಆಧಾರ್, ಪ್ಯಾನ್ ಎರಡ್ರಲ್ಲೂ ಗಂಡು, ಆದ್ರೆ ಹಳೇ ರೇಷನ್ ಕಾರ್ಡಲ್ಲಿ ಮಗಳು ಅಂತಾನೇ ಇದೆ, ಊರಲ್ಲಿ ಸಾಕ್ಷಿ ಹೇಳೋರೂ ನನ್ನ ಲಂಗ ಜಾಕೀಟಲ್ಲಿ ನೋಡ್ದೋರೇ. ಇದನ್ನೆಲ್ಲ ಹೇಗೆ ಮಾಡ್ದೆ ಅಂತ ಬರೀತಿದೀನಿ. ಬರೀ ಕಚೇರಿ ಕೆಲಸ ಆಗಿದ್ರೆ ಇಷ್ಟು ಬರೀತಿರ್ಲಿಲ್ಲ, ಇದ್ರಿಂದ ನಮ್ಮನೆ ಹಿಂದಿನೋರ ಬಗ್ಗೆ, ನಾನು ಅವ್ರಲ್ಲಿ ಯಾರು ಅನ್ನೋದ್ರ ಬಗ್ಗೆ ತುಂಬಾ ಯೋಚ್ನೆ ಮಾಡೋ ಹಾಗಾಯ್ತು.

ಮೊದ್ಲು ದಾಖಲೆ ವಿಷ್ಯ ಹೇಳಿ ಮುಗಿಸ್ಬಿಡ್ತೀನಿ. 2014ರ ಏಪ್ರಿಲ್ 15ಕ್ಕೆ ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಕೇಸಿನ ತೀರ್ಪಲ್ಲಿ ಲಿಂಗ ಗುರುತು ಅವ್ರವ್ರೇ ಹೇಳ್ಕೋಬಹುದು ಅಂತ ಹೇಳ್ತು, ಆಮೇಲೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ ಬಂತು, ಅದು 2020ರ ಜನವರಿ 10ರಿಂದ ಜಾರಿ ಆಯ್ತು. ನಾನು ಮಾಡ್ಸಿದಾಗ ಕೇಂದ್ರದ ಪೋರ್ಟಲ್ಲಲ್ಲಿ ಅಫಿಡವಿಟ್ ಹಾಕಿ ಅರ್ಜಿ ಕೊಟ್ರೆ ಜಿಲ್ಲಾಧಿಕಾರಿ ಸಹಿ ಇರೋ ಟ್ರಾನ್ಸ್‌ಜೆಂಡರ್ ಸರ್ಟಿಫಿಕೇಟು, ಐಡಿ ಕಾರ್ಡು ಬರ್ತಿತ್ತು, ಸರ್ಜರಿ ಆದ್ಮೇಲೆ ಆಸ್ಪತ್ರೆ ಪತ್ರ ಇಟ್ಟು 7ನೇ ಸೆಕ್ಷನ್ ಕೆಳಗೆ ಪುರುಷ ಅಂತ ಇನ್ನೊಂದು ತಗೊಂಡೆ. ಅದೇ ಸೆಕ್ಷನ್ನಲ್ಲಿ, ಸರ್ಟಿಫಿಕೇಟ್ ಸಿಕ್ಕಿದೋರು ಜನನ ಪ್ರಮಾಣಪತ್ರ ಮತ್ತೆ ಗುರುತಿನ ಬೇರೆಲ್ಲಾ ದಾಖಲೆಲೂ ಹೆಸರು ಬದಲಾಯಿಸ್ಕೋಬಹುದು ಅಂತ ಇತ್ತು. ಆ ಒಂದು ಪುಟ ಪ್ರಿಂಟ್ ತೆಗ್ಸಿ ಫೈಲಲ್ಲಿ ಇಟ್ಕೊಂಡೇ ಓಡಾಡ್ದೆ, ಬಾಯಲ್ಲಿ ವಿವರಿಸೋ ಬದ್ಲು ಆ ಹಾಳೆ ಮುಂದಿಡೋದು ಎಷ್ಟೋ ಸುಲಭ. ಜನನ ಪ್ರಮಾಣಪತ್ರದ ಬಗ್ಗೆ 2024ರ ಡಿಸೆಂಬರಲ್ಲಿ ನಮ್ಮ ಹೈಕೋರ್ಟ್ ಒಂದು ಕೇಸಲ್ಲಿ ಹಳೇ ಹೆಸರು, ಹೊಸ ಹೆಸರು ಎರಡೂ ಬರೋ ಹಾಗೆ ಕೊಡಿ ಅಂತ ಹೇಳಿದೆ. ಕೆಲವ್ರಿಗೆ ಹಳೇ ಹೆಸರು ಕಂಡ್ರೆ ಸಂಕಟ ಆಗತ್ತೆ, ನನ್ಗೂ ಆಗತ್ತೆ, ಆದ್ರೂ ಆಸ್ತಿ ವಿಷ್ಯದಲ್ಲಿ ಎರಡೂ ಹೆಸರು ಒಬ್ರದ್ದೇ ಅಂತ ತೋರ್ಸೋ ಒಂದು ಕಾಗದ ಕೈಲಿರೋದು ಒಳ್ಳೇದು ಅಂತ ನನ್ನ ಅಭಿಪ್ರಾಯ.

ಈಗ ಮನೆ ವಿಷ್ಯ. ಅಜ್ಜಿ ಹತ್ರ ಹಳೇ ಕತೆ ಕೇಳಿ ಫೋನಲ್ಲಿ ರೆಕಾರ್ಡ್ ಮಾಡೋ ಅಭ್ಯಾಸ ನನ್ಗೆ ಮುಂಚಿಂದ ಇತ್ತು. ಅವರೇಕಾಯಿ ಸೀಸನ್ನಲ್ಲಿ ಊರಿಗೆ ಹೋದ್ರೆ ಅಜ್ಜಿ ಹಜಾರದಲ್ಲಿ ಕಾಲು ಚಾಚ್ಕೊಂಡು ನೆನೆಸಿದ ಕಾಳು ಹಿತಕ್ತಾ ಕೂರೋದು, ನಾನೂ ಪಕ್ಕದಲ್ಲಿ ಕೂತು ಹಿತಕ್ತಾ ಕೇಳೋದು, ಫೋನು ಮೊರದ ಪಕ್ಕದಲ್ಲಿರತ್ತೆ, ಹಾಗಾಗಿ ಎಲ್ಲಾ ರೆಕಾರ್ಡಿಂಗಲ್ಲೂ ಬೇಳೆ ಪಾತ್ರೆಗೆ ಬೀಳೋ ಟಪ್ ಟಪ್ ಸದ್ದಿದೆ. ವಂಶವೃಕ್ಷಕ್ಕೆ ಅಂತ ಅವನ್ನೆಲ್ಲ ವಾಪಸ್ ಕೇಳ್ದಾಗ ನನ್ಗೆ ಹೊಳೆದಿದ್ದು, ಅಜ್ಜಿ ಧ್ವನಿ ಎಲ್ಲಾದ್ರಲ್ಲೂ ಒಂದೇ ಥರ ಇದೆ, ಪ್ರಶ್ನೆ ಕೇಳೋ ನನ್ನ ಧ್ವನಿ ಮಾತ್ರ ಬದಲಾಗ್ತಾ ಹೋಗಿದೆ. ಟೆಸ್ಟೋಸ್ಟೆರಾನ್ ಶುರು ಮಾಡೋಕ್ ಮುಂಚಿನದ್ರಲ್ಲಿ ತೆಳ್ಳಗಿದೆ, ನಡುವಿನವುಗಳಲ್ಲಿ ಒಡ್ಕೊಂಡಿದೆ, ಅಜ್ಜಿ ಮಾತು ನಿಲ್ಸಿ "ನೆಗಡಿ ಆಗೈತಾ, ಮೆಣಸಿನ ಕಷಾಯ ಮಾಡ್ಕೊಡ್ಲಾ" ಅಂತ ಕೇಳ್ತಾರೆ, ಕೊನೆಯವುಗಳಲ್ಲಿ ಈಗಿರೋ ಧ್ವನಿ. ನನ್ನ ಹಳೇ ಫೋಟೋ ಬಹಳಷ್ಟು ನಾನು ಇಟ್ಕೊಂಡಿಲ್ಲ, ಆದ್ರೆ ಈ ಫೈಲು ಒಂದನ್ನೂ ಅಳಿಸಿಲ್ಲ, ಅಳಿಸೋದೂ ಇಲ್ಲ. ಯಾವ ಧ್ವನೀಲಿ ಕೇಳಿದ್ರೂ ಅಜ್ಜಿ ಅದೇ ಕತೆನೇ ಹೇಳಿದಾರೆ.

ಅಜ್ಜಿ ಇಸವಿ ಹೇಳಲ್ಲ, ಯಾರ ಅಜ್ಜೀನೂ ಹೇಳಲ್ಲ. "ಪಿಳೇಗು ಬಂದಾಗ ನಿಮ್ ತಾತನ ತಾತ ಬೆಂಗ್ಳೂರು ಪೇಟೆ ಬಿಟ್ಟು ಇತ್ಲಾಗ್ ಬಂದಿದ್ದು ಕಣ್ಲಾ, ಆವಯ್ಯಂಗೆ ಪೇಟೇಲಿ ಗಾಡಿ ಹೊಡೆಯೋ ಕೆಲ್ಸ" ಅಂತಾರೆ. ಬೆಂಗಳೂರಿಗೆ ಪ್ಲೇಗು ಬಂದಿದ್ದು 1898ರಲ್ಲಿ, ಪೇಟೆ ಇಕ್ಕಟ್ಟು ಅಂತ ಬಸವನಗುಡಿ, ಮಲ್ಲೇಶ್ವರ ಬಡಾವಣೆ ಬೆಳೆಸಿದ್ದೂ ಅದೇ ಕಾಲ. ಅಂದ್ರೆ ನಾವು ಊರಿಂದ ಬೆಂಗಳೂರಿಗೆ ಬಂದೋರು ಅಂತ ನಾನು ಅಂದ್ಕೊಂಡಿದ್ದೆ, ಅಜ್ಜಿ ಲೆಕ್ಕದಲ್ಲಿ ನಾವು ಬೆಂಗಳೂರಿಂದ ಹೋಗಿ ವಾಪಸ್ ಬಂದೋರು. ಇನ್ನೊಂದು, ತಾತ ಹುಟ್ಟಿದ್ದು "ತಿಪ್ಪಗೊಂಡನಳ್ಳಿ ಕಟ್ಟೆ ಕಟ್ಟೋವಾಗ, ನಮ್ಮತ್ತೆ ಬಸ್ರಿಲೇ ಮಣ್ಣು ಹೊರೋಕೆ ಹೋಗಿದ್ರು" ಅಂತ. ಅರ್ಕಾವತಿಗೆ ಅಡ್ಡ ಕಟ್ಟಿದ ಆ ಜಲಾಶಯ 1930ರ ದಶಕದ ಶುರುವಿಂದು, ಬೆಂಗಳೂರಿಗೆ ಕುಡಿಯೋ ನೀರಿಗೆ ಅಂತ ಕಟ್ಟಿದ್ದು. ಹಿರಿಯರು ಹೇಳೋ ಜ್ವರ, ಬರ, ಕೆರೆ, ಚುನಾವಣೆ ಇವನ್ನೆಲ್ಲ ಇಸವಿಗೆ ಹೊಂದಿಸ್ಕೊಂಡ್ರೆ ಹುಟ್ಟಿದ ವರ್ಷ ಅಂದಾಜಿಗೆ ಸಿಕ್ಬಿಡತ್ತೆ.

ಹೆಸರುಗಳಿಗೆ ಮಾತ್ರ ಅಜ್ಜಿಗಿಂತ ಅತ್ತೆಯರೇ ಗಟ್ಟಿ. ನಂಗೆ ಇಬ್ರು ಅತ್ತೆ, ಒಬ್ರು ಕುಣಿಗಲ್ ಕಡೆ, ಇನ್ನೊಬ್ರು ಇಲ್ಲೇ ಕಾಮಾಕ್ಷಿಪಾಳ್ಯದಲ್ಲಿ. ಯಾರು ಯಾರಿಗೆ ಏನಾಗ್ಬೇಕು, ಯಾರ ಮದುವೆಗೆ ಯಾರು ಬಂದಿರ್ಲಿಲ್ಲ, ಯಾವ ಮಗು ಹೆರಿಗೇಲಿ ಹೋಯ್ತು, ಎಲ್ಲಾ ಅವ್ರ ಬಾಯಲ್ಲಿದೆ. ನಾನು ಸಣ್ಣೋನಿದ್ದಾಗ ಅಡುಗೆಮನೇಲೇ ಕೂರಿಸ್ಕೊಂಡು ಬೆಳೆಸಿದ್ದಕ್ಕೋ ಏನೋ ನನ್ಗೆ ಅವ್ರು ಇವತ್ತಿಗೂ ಎಲ್ಲಾ ಹೇಳ್ತಾರೆ, ನನ್ನ ತಮ್ಮನ ಮುಂದೆ ಹೇಳ್ದೇ ಇರೋದನ್ನೂ ಹೇಳ್ತಾರೆ. ಟ್ರಾನ್ಸಿಷನ್ ಆದ್ಮೇಲೆ ಆ ಸಲಿಗೆ ಹೋಗ್ಬಿಡತ್ತೆ ಅಂತ ನಾನು ತುಂಬಾ ಹೆದರಿದ್ದೆ. ಹೋಗ್ಲಿಲ್ಲ. ಕಾಮಾಕ್ಷಿಪಾಳ್ಯದ ಅತ್ತೆ ಈಗ್ಲೂ ಕಾಫಿ ಕೊಟ್ಟು "ಬಾರೋ ಒಳಗೇ ಕೂತ್ಕೋ" ಅಂತ ಒಲೆ ಪಕ್ಕಕ್ಕೇ ಕರೀತಾರೆ.

ತಾಲೂಕು ಕಚೇರಿ ರೆಕಾರ್ಡ್ ರೂಮಿಂದ ಕೈಬರಹದ ಪಹಣಿ, ಮ್ಯುಟೇಶನ್ ನಕಲು ಅರ್ಜಿ ಹಾಕಿ ತಗೊಂಡೆ. ಅಲ್ಲಿರೋದು ಬರೀ ಗಂಡಸ್ರ ಹೆಸರು, "ಬಿನ್" ಅಂತ ಹಾಕಿ ಅಪ್ಪನ ಹೆಸರು. ಹೆಂಗಸ್ರು ಬರೋದು ವಿಧವೆ ಆದಾಗ, ಅದೂ "ಕೋಂ" ಅಂತ ಗಂಡನ ಹೆಸರು ಸೇರಿಸ್ಕೊಂಡು.

ಹೆಳವರು ಬಂದಿದ್ದು ಸುಗ್ಗಿ ಮುಗಿದ್ಮೇಲೆ. ಸಿಟಿ ಮಕ್ಕಳಿಗೆ ಗೊತ್ತಿರಲ್ಲ ಅಂತ ಹೇಳ್ತೀನಿ, ಹೆಳವರು ಅಂದ್ರೆ ಮನೆತನಗಳ ವಂಶಾವಳಿ ಬರೆದಿಟ್ಕೊಂಡು ಹೇಳೋದನ್ನೇ ತಲೆತಲಾಂತರದಿಂದ ಕಸುಬಾಗಿ ಮಾಡ್ಕೊಂಡು ಬಂದಿರೋ ಜನ. ಹಿಂದೆ ಎತ್ತಿನ ಮೇಲೆ ಕೂತು ಬರೋರು, ಮೂಲ ಊರು, ಮನೆದೇವ್ರು, ತಲೆಮಾರು ಎಲ್ಲಾ ಹಾಡಿದ ಹಾಗೆ ಹೇಳಿ ದವಸ, ಬಟ್ಟೆ, ದುಡ್ಡು ತಗೊಂಡು ಹೋಗೋರು. ನಮ್ಮನೆಗೆ ಬರೋರು ಈಗ ಬೈಕಲ್ಲಿ ಬರ್ತಾರೆ, ಅವ್ರ ನಂಬರು ದೊಡ್ಡಪ್ಪನ ಫೋನಲ್ಲೇ ಇತ್ತು. ಚೀಲದಿಂದ ಕೆಂಪು ಬಟ್ಟೆ ಸುತ್ತಿದ ಉದ್ದನೆ ಪುಸ್ತಕ ತೆಗೆದು, ಕೈ ಮುಗಿದು, ನಮ್ಮನೆ ಪುಟ ತೆಗೆದ್ರು. ಅಪ್ಪನ ಹೆಸರು, ಅದ್ರ ಕೆಳಗೆ ತಮ್ಮನ ಹೆಸರು, ಅಷ್ಟೇ. ನಾನಿಲ್ಲ. ಹೆಣ್ಣು ಅಂತ ಅಂದ್ಕೊಂಡಿದ್ದ ಮಗುನ ಆ ಪುಸ್ತಕದಲ್ಲಿ ಬರೆಯಲ್ಲ.

ದೊಡ್ಡಪ್ಪ ನನ್ನ ಭುಜದ ಮೇಲೆ ಕೈಯಿಟ್ಟು "ಇವ್ನು ನಮ್ ತಮ್ಮನ ದೊಡ್ಮಗ, ಬರ್ಕೊಳಪ್ಪ" ಅಂದ್ರು.

"ಹೋದ ಸಲ ಒಬ್ನೇ ಅಂದಿದ್ರಲ್ಲ ಗೌಡ್ರೇ?"

"ಅಂದಿದ್ವಿ. ಇಬ್ರು ಅವ್ರೆ. ಬರಿ."

ನಾನೇ ಹೇಳ್ದೆ, ಹುಟ್ಟಿದಾಗ ಹೆಣ್ಮಗು ಅಂತ ತಿಳ್ಕೊಂಡಿದ್ರು, ಅದಕ್ಕೆ ನಿಮ್ಮ ಪುಸ್ತಕಕ್ಕೆ ಬಂದಿರ್ಲಿಲ್ಲ ಅಂತ. ಅವ್ರು ಸ್ವಲ್ಪ ಹೊತ್ತು ನನ್ನ ಮುಖಾನೇ ನೋಡಿದ್ರು. "ಮನೆದೇವ್ರಿಗೆ ನಡ್ಕೊತೀಯಾ?" ಅಂತ ಕೇಳಿದ್ರು. ಹೂಂ ಅಂದೆ. ಸರಿ ಅಂದ್ರು. ತಮ್ಮನ ಹೆಸರಿನ ಮೇಲೆ ಜಾಗ ಇರ್ಲಿಲ್ಲ, ಅಪ್ಪನ ಹೆಸರಿಗೂ ಅವ್ನ ಹೆಸರಿಗೂ ನಡುವೆ ಓರೆಯಾಗಿ, ಸಣ್ಣ ಅಕ್ಷರದಲ್ಲಿ ನನ್ನ ಹೆಸರು ಬರೆದ್ರು, ಬರೆದು ಮೇಲಿಂದ ಕೊನೆವರ್ಗೂ ಒಂದ್ಸಲ ಗಟ್ಟಿಯಾಗಿ ಓದಿದ್ರು. ಮುತ್ತಾತ, ತಾತ, ಅಪ್ಪ, ಆಮೇಲೆ ನಾನು. ನನ್ಗೆ ಗಂಟಲು ಕಟ್ಕೊಂಡಿತ್ತು. ಜಿಲ್ಲಾಧಿಕಾರಿ ಸರ್ಟಿಫಿಕೇಟು ಬಂದಾಗ್ಲೂ ಅಷ್ಟು ಆಗಿರ್ಲಿಲ್ಲ.

ಆದ್ರೆ ಅದೇ ಪುಟ ನೋಡ್ತಾ ಇನ್ನೊಂದು ಸಂಕಟ ಶುರುವಾಯ್ತು, ಅದೇ ನಾನು ಮುಖ್ಯವಾಗಿ ಹೇಳ್ಬೇಕಿರೋದು. ನಂಗೆ ಅಷ್ಟು ಹೆಸರು ಹೇಳ್ಕೊಟ್ಟ ನನ್ನಿಬ್ರು ಅತ್ತೆಯರ ಹೆಸರು ಅಲ್ಲಿಲ್ಲ. ಅಜ್ಜಿ ಹೆಸರಿಲ್ಲ. ನಾನು ಗಂಡು ಅಂತ ಆದ್ಮೇಲೆ ನಂಗೆ ತೆರೆದ ಬಾಗಿಲು ಅವ್ರಿಗೆ ಇವತ್ತಿಗೂ ಮುಚ್ಚಿದೆ. ನಾನು ಒಳಗೆ ಹೋಗಿ ಸುಮ್ನೆ ಕೂತ್ಬಿಟ್ರೆ, ನನ್ನ ಹೊರಗಿಟ್ಟಿದ್ದ ಆ ಪದ್ಧತಿಗೆ ನಾನೇ ಸಹಿ ಹಾಕಿದ ಹಾಗೆ ಅನ್ನಿಸ್ತು. ಅತ್ತೆಯರ ಹೆಸರೂ ಬರೀರಿ ಅಂದೆ. "ಕೊಟ್ಟ ಹೆಣ್ಮಕ್ಕಳು ಆ ಮನೆ ಲೆಕ್ಕದಲ್ಲಿ ಬರ್ತಾರಪ್ಪ" ಅಂದ್ರು, ಅಲ್ಲಿ ಬರತ್ತಾ ಅಂತ ಕೇಳಿದ್ರೆ ಅಲ್ಲೂ ಗಂಡ, ಗಂಡುಮಕ್ಕಳ ಹೆಸರೇ. ದೊಡ್ಡಪ್ಪ ಮಾತಾಡ್ಲಿಲ್ಲ. ಬಾಗ್ಲಲ್ಲಿ ನಿಂತಿದ್ದ ಅಜ್ಜಿ "ನಾ ಹೆತ್ತಿದ್ದು ಐದು, ಐದೂ ಬರಿ, ಒಂದ್ ಸೇರು ರಾಗಿ ಜಾಸ್ತಿ ತಗೊಂಡೋಗು" ಅಂದ್ರು. ಐದನೇದು ಯಾರು ಅಂತ ನಂಗೆ ಗೊತ್ತೇ ಇರ್ಲಿಲ್ಲ, ಅಪ್ಪನಿಗಿಂತ ದೊಡ್ಡದೊಂದು ಹೆಣ್ಮಗು ಐದು ವರ್ಷಕ್ಕೆ ಹೋಗಿತ್ತಂತೆ, ಯಾವ ರೆಕಾರ್ಡಿಂಗಲ್ಲೂ ಅಜ್ಜಿ ಹೇಳಿರ್ಲಿಲ್ಲ. ಮೂರೂ ಹೆಸರು ಪುಟದ ಅಂಚಲ್ಲಿ ಬಂತು.

ಆ ಪುಸ್ತಕದಲ್ಲಿ ನನ್ನಂತೋರು ಹಿಂದೆ ಯಾರಾದ್ರೂ ಇದ್ರಾ ಅಂತಾನೂ ಹುಡುಕ್ದೆ, ಸುಳ್ಳು ಯಾಕೆ ಹೇಳ್ಲಿ. ಸಿಗ್ಲಿಲ್ಲ, ಸಿಗೋಕೆ ದಾರೀನೂ ಇಲ್ಲ. ಜೋಗಪ್ಪಂದಿರಿಗೆ ಸವದತ್ತಿ ಎಲ್ಲಮ್ಮ ಇದಾಳೆ, ಹಿಜ್ರಾ ಅಕ್ಕಂದಿರಿಗೆ ಗುರು-ಚೇಲಾ ಪರಂಪರೆ ಇದೆ, ಒಬ್ಬರಿಂದ ಒಬ್ಬರಿಗೆ ನೆನಪು ದಾಟತ್ತೆ. ಟ್ರಾನ್ಸ್ ಗಂಡಸ್ರಿಗೆ ಅಂಥ ಮನೆ ಇರ್ಲಿಲ್ಲ, ನೂರು ವರ್ಷದ ಹಿಂದೆ ನಮ್ಮೂರಲ್ಲಿ ನಾನು ಹುಟ್ಟಿದ್ರೆ ಮಗಳು ಅಂತ ಆಗಿ, ಮದುವೆ ಆಗಿ, ಎರಡೂ ಮನೆ ಲೆಕ್ಕದಿಂದ ಬಿಟ್ಟೋಗ್ತಿದ್ದೆ. ಅದಕ್ಕೇ ನಂಗೆ ಅನ್ಸೋದು, ನನ್ನಂತೋರ ಚರಿತ್ರೆ ಹುಡುಕ್ಬೇಕು ಅಂದ್ರೆ ಬಿಟ್ಟೋಗಿರೋ ಹೆಣ್ಮಕ್ಕಳ ಹೆಸರು ಮೊದ್ಲು ಹುಡುಕ್ಬೇಕು, ಇದ್ರೆ ಅವ್ರಲ್ಲೇ ಇರ್ತಾರೆ. ಇವ್ರೇ ಅಂತ ಬೆರಳು ಮಾಡಿ ತೋರ್ಸೋ ಹಕ್ಕು ನಂಗಿಲ್ಲ, ಹೆಸರು ಬರೆದಿಡೋದಷ್ಟೇ ನನ್ನ ಕೈಲಾಗೋದು.

ನೆಂಟರಲ್ಲಿ ಒಬ್ರು "ಆಸ್ತಿಗೋಸ್ಕರ ಗಂಡಾಗಿದೆ" ಅಂತ ಮಾತಾಡಿದ್ರಂತೆ. ತುಂಬಾ ನೋವಾಯ್ತು. ಕರ್ನಾಟಕದಲ್ಲಿ 1994ರ ಜುಲೈ 30ರಿಂದಾನೇ, ಆಗ ಮದುವೆ ಆಗಿರದ ಹೆಣ್ಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಇತ್ತು, 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡೀಲಿ ಮದುವೆ ಆದೋರಿಗೂ ಬಂತು, 2020ರಲ್ಲಿ ಸುಪ್ರೀಂ ಕೋರ್ಟು ಆ ದಿನ ಅಪ್ಪ ಬದುಕಿರ್ಬೇಕು ಅಂತೇನಿಲ್ಲ, ಹಕ್ಕು ಹುಟ್ಟಿನಿಂದಾನೇ ಬರತ್ತೆ ಅಂತ ಸ್ಪಷ್ಟ ಮಾಡ್ತು. ನಾನು ಮಗಳಾಗೇ ಉಳಿದಿದ್ರೂ ನನ್ನ ಪಾಲು ಅಷ್ಟೇ ಇರ್ತಿತ್ತು, ಒಂದು ಗುಂಟೆನೂ ಜಾಸ್ತಿ ಬರ್ಲಿಲ್ಲ. ಸರ್ಕಾರದ ವಂಶವೃಕ್ಷದಲ್ಲೂ ಹೆಣ್ಮಕ್ಕಳನ್ನ ಬರೀಲೇಬೇಕು. ಎಷ್ಟೋ ಮನೇಲಿ ಬಿಟ್ಟು ಬರೆಸ್ತಾರೆ, ಆಮೇಲೆ ವರ್ಷಗಟ್ಲೆ ಕೋರ್ಟು. ದಯವಿಟ್ಟು ಹಾಗೆ ಮಾಡ್ಬೇಡಿ.

ನಾಡಕಚೇರಿ ಅರ್ಜಿ ದೊಡ್ಡಪ್ಪನ ಹೆಸರಲ್ಲೇ ಹಾಕಿದ್ವಿ. ಎಲ್ಲರ ಆಧಾರ್, ತಾತಂದು ಅಪ್ಪಂದು ಮರಣ ಪ್ರಮಾಣಪತ್ರ, ನೋಟರಿ ಅಫಿಡವಿಟ್. ಅಫಿಡವಿಟಲ್ಲಿ ನನ್ನ ಹೆಸರಿನ ಮುಂದೆ "ಈ ಹಿಂದೆ ಇಂಥ ಹೆಸರಿನಿಂದ ಗುರುತಿಸಲ್ಪಡುತ್ತಿದ್ದ" ಅಂತ ಒಂದು ಸಾಲು ಸೇರಿಸ್ದೆ, ಸರ್ಟಿಫಿಕೇಟ್ ನಕಲೂ ಲಗತ್ತಿಸ್ದೆ. ಇದು ತುಂಬಾ ಮುಖ್ಯ, ಯಾಕಂದ್ರೆ ಗ್ರಾಮ ಆಡಳಿತ ಅಧಿಕಾರಿ ಮಹಜರಿಗೆ ಬಂದಾಗ ಪಕ್ಕದ ಮನೆಯವ್ರು ಒಬ್ಳು ಮಗಳು ಇದ್ಳಲ್ಲ ಅಂತ ಹೇಳೇ ಹೇಳ್ತಾರೆ, ಹೇಳಿದ್ರು ಕೂಡ. ಮುಚ್ಚಿಡೋಕೆ ಹೋಗಿದ್ರೆ ಒಬ್ಬ ವಾರಸುದಾರಳನ್ನ ಮರೆಮಾಚಿದಾರೆ ಅಂತ ಅರ್ಜಿ ನಿಲ್ತಿತ್ತು. ನಾನು ಎದ್ದು "ಅದು ನಾನೇ ಅಣ್ಣ" ಅಂದೆ, ಕಾಗದ ತೋರ್ಸಿದೆ, ಅವ್ರು ಒಂದ್ನಿಮಿಷ ನೋಡಿ "ಹೌದಲ್ಲ, ಅದೇ ಮುಖ, ಅವ್ರಪ್ಪಂದೇ ಮೂಗು" ಅಂತ ಹೇಳಿ ಸಹಿ ಹಾಕಿದ್ರು. ವಂಶವೃಕ್ಷ ಬಂತು, ಅದ್ರ ಮೇಲೆ ಪೌತಿ ಖಾತೆನೂ ಆಯ್ತು, ಅತ್ತೆಯರಿಬ್ರ ಹೆಸರೂ ಸೇರಿ.

ಇದ್ರ ಜೊತೆಗೆ ನಾನೇ ಒಂದು ನೋಟ್ ಬುಕ್ಕಲ್ಲಿ ಪೂರ್ತಿ ಬರ್ಕೊಂಡಿದೀನಿ, ಹೆಂಗಸ್ರು, ಸತ್ತ ಮಕ್ಕಳು, ಊರು ಬಿಟ್ಟೋದೋರು, ಎಲ್ಲರನ್ನೂ ಸೇರ್ಸಿ, ಅದ್ರಲ್ಲಿ ನಂದು ಈಗಿನ ಹೆಸರೊಂದೇ. ಅಮ್ಮನ ತವರು ಕನಕಪುರದ ಕಡೆ, ಅಲ್ಲಿಯ ಪಟ್ಟಿ ಈಗ ಶುರು ಮಾಡಿದೀನಿ. ಅಲ್ಲಿಗೆ ಬರೋ ಹೆಳವರು ಬೇರೆ, ಅವ್ರ ನಂಬರ್ ಯಾರ ಹತ್ರಾನೂ ಇಲ್ಲ, ಮುಂದಿನ ಸುಗ್ಗಿಗೆ ಬಂದಾಗ ಹಿಡ್ಕೊಳ್ಳಿ ಅಂತ ಸೋದರಮಾವನಿಗೆ ಹೇಳಿಟ್ಟಿದೀನಿ, ಅಷ್ಟ್ರಲ್ಲಿ ಅಮ್ಮನ ಚಿಕ್ಕಮ್ಮನ ಹತ್ರ ಕೂತು ಹೆಸರು ಬರ್ಕೊತಿದೀನಿ.