ಬೇಟೆನಾಯಿಯ ವಂಶಾವಳಿಯನ್ನು ಓದುವುದು ಹೇಗೆ?

ಬೇಟೆನಾಯಿಗಳ ಜೋಡಿಯನ್ನು ಆರಿಸುವವರು ವಂಶಾವಳಿಯ ಪತ್ರ ಕೈಗೆ ಬಂದೊಡನೆ ಅದರಲ್ಲಿರುವ ಚಾಂಪಿಯನ್‌ಗಳನ್ನು ಎಣಿಸತೊಡಗುತ್ತಾರೆ. ಎಣಿಸುವ ಮೊದಲು ಆ ಬಿರುದು ಎಲ್ಲಿ ಸಂದದ್ದೆಂದು ವಿಚಾರಿಸಬೇಕು. ಡಾಗ್ ಶೋದಲ್ಲಿ ಗೆದ್ದ ಬಿರುದು ಮೈಕಟ್ಟು, ನಡಿಗೆಗಳಿಗೆ ಸಾಕ್ಷಿಯೇ ಹೊರತು ವಾಸನೆ ಹಿಡಿಯುವ ಚುರುಕಿಗಲ್ಲ. ಲ್ಯಾಬ್ರಡಾರ್, ಸ್ಪ್ರಿಂಗರ್ ಸ್ಪ್ಯಾನಿಯಲ್, ಇಂಗ್ಲಿಷ್ ಸೆಟರ್ ತಳಿಗಳಲ್ಲಂತೂ ಪ್ರದರ್ಶನದ ಕವಲು ಮತ್ತು ಕೆಲಸದ ಕವಲು ಬೇರೆಬೇರೆಯಾಗಿ ಬಹುಕಾಲವಾಗಿದೆ. ಬೇಟೆಯ ಕೆಲಸವನ್ನೇ ಒರೆಗೆ ಹಚ್ಚುವ ಪರೀಕ್ಷೆಗಳಲ್ಲೂ ಎರಡು ಬಗೆ: ಫೀಲ್ಡ್ ಟ್ರಯಲ್‌ನಲ್ಲಿ ನಾಯಿ ಇತರ ನಾಯಿಗಳೊಡನೆ ಸ್ಪರ್ಧಿಸುತ್ತದೆ, ಹಂಟ್ ಟೆಸ್ಟ್‌ನಲ್ಲಿ ನಿಗದಿತ ಮಟ್ಟವನ್ನು ಮುಟ್ಟಿದರೆ ಸಾಕು.

ಬಳಿಕ ಬಿರುದಿನ ದೂರವನ್ನು ಅಳೆಯಿರಿ. ತಾಯಿತಂದೆಯರಿಂದ ಮರಿಗೆ ಅರ್ಧರ್ಧ ಪಾಲು ಬಂದರೆ, ಅಜ್ಜ-ಅಜ್ಜಿಯರಲ್ಲಿ ಒಬ್ಬೊಬ್ಬರಿಂದ ಸರಾಸರಿ ಶೇ 25ರಷ್ಟು ಬರುತ್ತದೆ. ಐದನೆಯ ತಲೆಮಾರಿನಲ್ಲಿ 32 ಪೂರ್ವಜರಿದ್ದು, ಅಲ್ಲಿನ ಒಬ್ಬ ಚಾಂಪಿಯನ್‌ನ ಸರಾಸರಿ ಪಾಲು ಶೇ 3ರ ಆಸುಪಾಸು. ಮಾರಾಟದ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಮೆರೆಯುವುದು ಹೆಚ್ಚಾಗಿ ಈ ದೂರದ ಹೆಸರೇ!

ಮೂರನೆಯ ಹೆಜ್ಜೆಯೇ ಮುಖ್ಯ: ವಂಶಾವಳಿಯನ್ನು ಮೇಲಕ್ಕಷ್ಟೇ ಅಲ್ಲ, ಅಕ್ಕಪಕ್ಕಕ್ಕೂ ಓದಬೇಕು. ಬಿರುದಿನ ಹಿಂದೆ ನಾಯಿಯ ಹುಟ್ಟುಗುಣದ ಜೊತೆಗೆ ತರಬೇತುದಾರನ ಕೌಶಲ, ಮಾಲೀಕನ ಹಣ ಮತ್ತು ಬಿಡುವು ಇರುತ್ತವೆ. ಇವು ಮರಿಗೆ ರಕ್ತದಲ್ಲಿ ಬರುವುದಿಲ್ಲ. ಆದ್ದರಿಂದ ಅದೇ ಸೂಲಿನ ಉಳಿದ ಮರಿಗಳು ಹೇಗೆ ಕೆಲಸ ಮಾಡುತ್ತಿವೆ, ಆ ಗಂಡುನಾಯಿಗೆ ಬೇರೆ ಹೆಣ್ಣುಗಳಲ್ಲಿ ಹುಟ್ಟಿದವು ಎಂಥವು ಎಂದು ಅವುಗಳನ್ನು ಸಾಕಿದವರನ್ನೇ ಕೇಳಿ. ಸಾಧಾರಣ ಒಡಹುಟ್ಟುಗಳ ನಡುವೆ ಒಂಟಿಯಾಗಿ ಮಿಂಚಿದ ಚಾಂಪಿಯನ್‌ಗಿಂತ, ಸಹಜವಾಗಿ ಬೇಟೆ ಹುಡುಕುವ, ಹಿಡಿದದ್ದನ್ನು ಕಚ್ಚಿ ಹಾಳುಮಾಡದೆ ತರುವ ಒಡಹುಟ್ಟುಗಳಿರುವ ಬಿರುದಿಲ್ಲದ ನಾಯಿಯನ್ನೇ ನಾನು ಆರಿಸುತ್ತೇನೆ.

ಒಂದೇ ಹೆಸರು ತಾಯಿ, ತಂದೆ ಎರಡೂ ಕಡೆ ಬಂದಿದೆಯೇ ಎಂದೂ ಗಮನಿಸಬೇಕು. ತಂದೆ ಅಥವಾ ತಾಯಿ ಮಾತ್ರ ಒಂದೇ ಆಗಿರುವ ಮಲಒಡಹುಟ್ಟುಗಳನ್ನು ಕೂಡಿಸಿದರೆ ಮರಿಗಳ ಒಳಸಂತಾನ ಪ್ರಮಾಣ (ರಕ್ತಸಂಬಂಧಿಗಳ ಕೂಡಿಕೆಯ ಅಳತೆ) ಕನಿಷ್ಠ ಶೇ 12.5ರಷ್ಟಾಗುತ್ತದೆ. ಹೆಸರುವಾಸಿ ಗಂಡುನಾಯಿಯನ್ನು ಎಲ್ಲರೂ ಬಳಸಿದಾಗ ಅದರಲ್ಲಿ ಅಡಗಿದ ದೋಷವೂ ತಳಿಯಿಡೀ ಹರಡುತ್ತದೆ.

ಕೊನೆಯದಾಗಿ ಸೊಂಟದ ಕೀಲಿನ ಎಕ್ಸ್‌ರೇ, ಕಣ್ಣಿನ ತಪಾಸಣೆ, ಡಿಎನ್‌ಎ ಪರೀಕ್ಷೆಗಳ ವರದಿ ಕೇಳಿ. ಲ್ಯಾಬ್ರಡಾರ್‌ಗಳಲ್ಲಿ ಓಡಿ ದಣಿದಾಗ ಕುಸಿದುಬೀಳುವ ಆನುವಂಶಿಕ ಕಾಯಿಲೆಯೊಂದಿದೆ. ಅದರ ಇಬ್ಬರು ವಾಹಕರನ್ನು, ಅಂದರೆ ತಮಗೆ ಕಾಯಿಲೆಯಿಲ್ಲದೆ ದೋಷವನ್ನು ಮಾತ್ರ ಹೊತ್ತ ನಾಯಿಗಳನ್ನು, ಕೂಡಿಸಿದರೆ ಪ್ರತಿ ಮರಿಗೂ ಕಾಯಿಲೆ ಬರುವ ಸಂಭವ ಶೇ 25. ಆದರೆ ವಾಹಕವೆಂಬ ಒಂದೇ ಕಾರಣಕ್ಕೆ ಒಳ್ಳೆಯ ನಾಯಿಯನ್ನು ಕೈಬಿಡಬೇಕಿಲ್ಲ, ಅದರೊಡನೆ ಕೂಡಿಸುವ ನಾಯಿ ಆ ದೋಷದಿಂದ ಮುಕ್ತವಾಗಿದ್ದರಾಯಿತು.